ನಲವತ್ತೇಳನೆಯ ಗೂಡಿನ ಕಲ್ಲು

ನಾನು ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದವಳು ಎಂದು ಗೊತ್ತಾದ ಕೂಡಲೇ ಬಾಗಲಕೋಟೆಯ ಜನ ಕೇಳುವುದು ಎರಡೇ ಪ್ರಶ್ನೆ. "ಭಾಳ ಥಂಡಿ ಇತ್ತೇನ್ರಿ ಮೇಡಂ?" ಆಮೇಲೆ, "ಊಟಕ್ಕ ಏನ ಮಾಡಿದ್ರಿ?" ಥಂಡಿ ಇತ್ತು. ಊಟಕ್ಕೆ ಡಬ್ಬಿಯ ಕಾಳು, ಡಬ್ಬಿಯ ತರಕಾರಿ, ಮತ್ತೆ ನಾನು ಹೊತ್ತೊಯ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಇಷ್ಟು ಹೇಳಿದರೆ ಅವರಿಗೆ ಸಮಾಧಾನ. ಶಾಲೆಗಳಿಗೆ ಕರೆದು ಶಾಲು ಹೊದಿಸುತ್ತಾರೆ, ಪರದೆಯ ಮೇಲೆ ಪೆಂಗ್ವಿನ್ ಚಿತ್ರ ತೋರಿಸಿರಿ ಎನ್ನುತ್ತಾರೆ. ಅವು ತೂರಾಡುತ್ತಾ ನಡೆಯುವುದನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಗುತ್ತವೆ. ನಾನೂ ನಕ್ಕ ಹಾಗೆ ಮಾಡಿ ಬರುತ್ತೇನೆ. ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟು ಬರುತ್ತದೆ. ಯಾರ ಮೇಲೆ ಅಂದರೆ ನನ್ನ ಮೇಲೆಯೇ.

ಆ ಚಿತ್ರಗಳಲ್ಲಿ ಒಂದು ಗೂಡಿನ ಚಿತ್ರ ಇದೆ. ಬೂದುಬಣ್ಣದ ಹರಳುಗಳ ಒಂದು ಸಣ್ಣ ಗುಡ್ಡೆ, ನಡುವೆ ಹೊಟ್ಟೆ ಊರಿ ಮಲಗಿದ ಹಕ್ಕಿ, ಪಕ್ಕದಲ್ಲಿ 47 ಎಂದು ಬರೆದ ಬಿಲ್ಲೆ. ಚಿತ್ರವನ್ನು ದೊಡ್ಡದು ಮಾಡಿದರೆ ಹಕ್ಕಿಯ ಎದೆಯ ಹತ್ತಿರ ಉಳಿದವುಗಳಂತಲ್ಲದ ಒಂದು ಕಲ್ಲು ಕಾಣುತ್ತದೆ. ಕಪ್ಪಗೆ, ದುಂಡಗೆ, ಎಣ್ಣೆ ಹಚ್ಚಿದಂತೆ ಹೊಳೆಯುವ ಕಲ್ಲು. ಯಾರೂ ಅದರ ಬಗ್ಗೆ ಕೇಳಿಲ್ಲ. ಅದು ನನ್ನ ಮಗಳ ಇಷ್ಟಲಿಂಗ.

ಮೊದಲಿನಿಂದಲೇ ಹೇಳುತ್ತೇನೆ. ನನ್ನ ತವರು ಬಾದಾಮಿ. ಅಪ್ಪ ಅಲ್ಲಿ ಮಾಸ್ತರರು. ಕೆರೆಯ ಮೆಟ್ಟಿಲ ಮೇಲೆ ಕೂತು ಹಕ್ಕಿ ನೋಡುವ ಹುಚ್ಚು ಚಿಕ್ಕಂದಿನಿಂದಲೂ ಇತ್ತು. ಅದೇ ಹುಚ್ಚು ಓದಾಯಿತು, ಓದು ನೌಕರಿಯಾಯಿತು. ಬಾಗಲಕೋಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಚಳಿಗಾಲ ಬಂದರೆ ಹಳೆಯ ಊರನ್ನು ಮುಳುಗಿಸಿದ ಕೃಷ್ಣೆಯ ಹಿನ್ನೀರಿನ ದಂಡೆಗೆ ಹೋಗಿ ಬಾತುಗಳನ್ನೂ ರಾಜಹಂಸಗಳನ್ನೂ ಎಣಿಸುತ್ತೇನೆ. ಮುಳುಗಿದ ಊರಿನ ಮೇಲೆ ಹಕ್ಕಿ ಎಣಿಸುವ ಹೆಂಗಸು ಎಂದು ಸಹೋದ್ಯೋಗಿಗಳು ಚೇಷ್ಟೆ ಮಾಡುತ್ತಾರೆ. ಮಾಡಲಿ ಬಿಡಿ.

ಕೊಟ್ಟದ್ದು ಇಳಕಲ್ಲಿಗೆ. ನಮ್ಮ ಮನೆಯವರು ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ, ಮಾತು ಕಡಿಮೆ. ಅತ್ತೆ ಮಗ್ಗದವರು. ಇಳಕಲ್ ಸೀರೆಯ ಒಡಲಿನ ಎಳೆಯನ್ನೂ ಸೆರಗಿನ ಎಳೆಯನ್ನೂ ಒಂದಕ್ಕೊಂದು ಸಿಕ್ಕಿಸಿ ಕೂಡಿಸಬೇಕಲ್ಲ, ಆ ಕೊಂಡಿ ಹಾಕುವ ಕೆಲಸ ಅವರದು. ಕಣ್ಣು ಬೇರೆ ಕಡೆ ಇಟ್ಟು, ನಮ್ಮ ಜೊತೆ ಮಾತಾಡುತ್ತಲೇ ನೂರಾರು ಎಳೆ ಕೂಡಿಸುತ್ತಿದ್ದರು. ಎಳೆ ತುಸು ದಪ್ಪ ಬಂದರೂ ಬೆರಳು ಅಲ್ಲೇ ನಿಲ್ಲುತ್ತಿತ್ತು. "ಕಣ್ಣ ಸುಳ್ಳ ಹೇಳ್ತಾವ ಯವ್ವಾ, ಬಳ್ಳ ಹೇಳಂಗಿಲ್ಲ" ಎಂದು ಬೆರಳು ಎತ್ತಿ ತೋರಿಸುತ್ತಿದ್ದರು. ಸೊಂಟದಲ್ಲಿ ಸದಾ ಎಲೆ ಅಡಿಕೆಯ ಚಂಚಿ. ಬಟ್ಟೆಯ ಆ ಸಣ್ಣ ಚೀಲ ಇಲ್ಲದೆ ಅತ್ತೆಯನ್ನು ನಾನು ನೋಡಿಯೇ ಇಲ್ಲ. ಕೆಲಸಕ್ಕೆ ಕೂತರೆ ಬಾಯಲ್ಲಿ ಎಲೆ ಬೇಕು, ಕೆಲಸ ಬಿಟ್ಟು ಎದ್ದರೂ ಬೇಕು.

ಮದುವೆಯಾಗಿ ಏಳು ವರ್ಷಕ್ಕೆ ನಾನು ಬಸುರಿಯಾದೆ. ಎಂಟನೆಯ ತಿಂಗಳಲ್ಲಿ ಮಠದ ಅಯ್ಯನವರು ಬಂದು ಹೊಟ್ಟೆಯಲ್ಲಿರುವ ಕೂಸಿಗೆ ಲಿಂಗ ಕಟ್ಟಿದರು. ನಮ್ಮಲ್ಲಿ ಅದು ಪದ್ಧತಿ. ಹುಟ್ಟುವ ಮೊದಲೇ ಲಿಂಗ, ಹುಟ್ಟಿದ ಮೇಲೆ ಅದೇ ಕೊರಳಿಗೆ, ಸತ್ತ ಮೇಲೆ ಅದರ ಜೊತೆಗೇ ಮಣ್ಣಿಗೆ. ಲಿಂಗವಿಲ್ಲದ ದೇಹವನ್ನು ಮಣ್ಣಿಗೆ ಕೊಡಬಾರದು. ದೊಡ್ಡ ಅಡಿಕೆಯಷ್ಟು ಗಾತ್ರದ ಕರಿಯ ಲಿಂಗ ಅದು. ಅತ್ತೆ ಹಳೆಯ ಸೀರೆಯ ಕೆಂಪು ಸೆರಗಿನ ತುಂಡಿನಿಂದ ಅದಕ್ಕೊಂದು ಪುಟ್ಟ ಚೀಲ ಹೊಲಿದು, ಬಾಯಿಗೆ ದಾರ ಪೋಣಿಸಿ ನನ್ನ ತೋಳಿಗೆ ಕಟ್ಟಿದರು. ನಾನು ವಿಜ್ಞಾನದವಳು, ಪೂಜೆ ಪುನಸ್ಕಾರದಲ್ಲಿ ಅಷ್ಟಕ್ಕಷ್ಟೆ. ಆದರೂ ಆ ಭಾರ ತೋಳಿಗೆ ತಾಗಿದಾಗಲೆಲ್ಲ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ?

ಕೂಸು ಅವಸರ ಮಾಡಿ ಹುಟ್ಟಿತು. ಹೆಣ್ಣು. ಬಾಗಲಕೋಟೆಯ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ದಿನ ಇತ್ತು. ಮೂರನೆಯ ದಿನ ಬೆಳಿಗ್ಗೆ ನರ್ಸ್ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮಡಿಲಿಗೆ ಹಾಕಿ, "ಸ್ವಲ್ಪ ಹೊತ್ತು ಇಟ್ಕೊಳ್ರಿ" ಎಂದು ಮುಖ ಆ ಕಡೆ ಮಾಡಿದಳು. ಕೊರಳಲ್ಲಿ ಕೆಂಪು ಚೀಲ ಇತ್ತು. ನಮ್ಮ ಮನೆಯವರು ಗಾಡಿ ತರಲು ಹೋಗಿದ್ದರು. ಅತ್ತೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಹೊರಗೆ ಹೋಗಿದ್ದರು, ಅವರ ಚಂಚಿ ನನ್ನ ಮಂಚದ ಮೇಲೆ ಬಿದ್ದಿತ್ತು.

ಆಗ ನಾನು ಮಾಡಿದ್ದನ್ನು ಇಂದಿಗೂ ಬಾಯಿ ಬಿಟ್ಟು ಹೇಳಲು ನಾಚಿಕೆಯಾಗುತ್ತದೆ. ಕೂಸನ್ನು ಕೊಡಲೇಬೇಕು. ಬಟ್ಟೆಯೂ ಅದರ ಜೊತೆ ಹೋಗುತ್ತದೆ. ನನಗೆ ಏನೂ ಉಳಿಯುವುದಿಲ್ಲ. ತಲೆಯಲ್ಲಿ ಅದೊಂದೇ ಮಾತು ಗಿರಗಿರ ತಿರುಗುತ್ತಿತ್ತು. ಚೀಲದ ದಾರ ಸಡಿಲಿಸಿ ಲಿಂಗ ತೆಗೆದುಕೊಂಡೆ. ಚೀಲ ಬರಿದಾಗಿ ಕಾಣಬಾರದೆಂದು ಅತ್ತೆಯ ಚಂಚಿಯಿಂದ ಒಂದು ಇಡೀ ಅಡಿಕೆ ತೆಗೆದು ಅದರೊಳಗೆ ಹಾಕಿ ದಾರ ಎಳೆದೆ. ಅತ್ತೆ ಬಂದು ಕೂಸನ್ನು ಎತ್ತಿಕೊಂಡರು. ಬಾಣಂತಿ ಮಣ್ಣಿಗೆ ಹೋಗುವಂತಿಲ್ಲ. ಮರೋಳದ ಕಡೆ ಇರುವ ನಮ್ಮ ಹೊಲದಲ್ಲಿ, ಬೇವಿನ ಗಿಡದ ಕೆಳಗೆ ಅದನ್ನು ಮಣ್ಣು ಮಾಡಿ ಬಂದರು. ನಾನು ಮಂಚದ ಮೇಲೆ ಮುಷ್ಟಿ ಬಿಗಿದು ಮಲಗಿದ್ದೆ.

ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅತ್ತೆ ಎಲೆ ಹಾಕುವುದನ್ನು ಬಿಟ್ಟರು. ಕೇಳಿದರೆ "ಹಲ್ಲ ನೋಯ್ತಾವ" ಎಂದರು. ಚಂಚಿ ಮಾತ್ರ ಸೊಂಟದಲ್ಲೇ ಇತ್ತು. ಅದೇ ವಾರ ಮಠಕ್ಕೆ ಹೋಗಿ ತಮಗೊಂದು ಹೊಸ ಲಿಂಗ ತಂದುಕೊಂಡರು, ಹಳೆಯದರ ಕಪ್ಪು ಲೇಪ ಬಿರುಕು ಬಿಟ್ಟಿದೆ ಎಂದರು. ನನ್ನ ದುಃಖದಲ್ಲಿ ನಾನು ಮುಳುಗಿದ್ದೆ, ಅತ್ತ ಲಕ್ಷ್ಯ ಹೋಗಲಿಲ್ಲ. ಆದರೆ ರಜೆ ಮುಗಿದು ಕಾಲೇಜಿಗೆ ಹೋಗತೊಡಗಿದ ಮೇಲೆ ಇನ್ನೊಂದು ಹೆದರಿಕೆ ಶುರುವಾಯಿತು. ನಾನು ನನ್ನ ಸಮಾಧಾನಕ್ಕಾಗಿ ನನ್ನ ಕೂಸನ್ನು ಬರಿಗೊರಳಲ್ಲಿ ಕಳಿಸಿದೆ. ನಂಬಿಕೆ ಇಲ್ಲದವಳಿಗೆ ಇದೇಕೆ ಚುಚ್ಚಬೇಕು? ಚುಚ್ಚಿತು, ಏನು ಮಾಡಲಿ?

ಆ ಹೊತ್ತಿಗೆ ಅಂಟಾರ್ಕ್ಟಿಕಾದ ಅಂಚಿನ ಒಂದು ಸಣ್ಣ ಪೆಂಗ್ವಿನ್ ಅಧ್ಯಯನ ಕೇಂದ್ರಕ್ಕೆ ಹಕ್ಕಿ ಎಣಿಸಿ ಅನುಭವ ಇದ್ದವರು ಬೇಕು ಎಂದು ಕರೆ ಬಂದಿತ್ತು. ಹಿನ್ನೀರಿನ ನನ್ನ ಲೆಕ್ಕ ನೋಡಿ ಆರಿಸಿದರು. ನಾಲ್ಕು ತಿಂಗಳು. ನಾನು ಹೋಗುವುದಿಲ್ಲ ಎಂದು ಕೂತಿದ್ದೆ. ಎಬ್ಬಿಸಿದವರು ಅತ್ತೆ. "ಹೋಗಿ ಬಾ ಯವ್ವಾ. ಇಲ್ಲೆ ಇದ್ರ ಗ್ವಾಡಿ ನೋಡ್ಕೋಂತ ಕುಂದ್ರತಿ. ಹಕ್ಕಿ ಆದ್ರ ಅತ್ತಾಗಿತ್ತಾಗ ಹಾರ್ಯಾಡ್ತಾವ."

"ಅವು ಹಾರಂಗಿಲ್ರಿ ಅತ್ತಿ" ಎಂದೆ.

"ನೋಡಾ! ಅವಕ್ಕೂ ನಮ್ಮಂಗ ಐತಿ" ಎಂದರು.

ಕೇಂದ್ರವೆಂದರೆ ಮೂರು ತಗಡಿನ ಕೋಣೆ. ಬೇಸಿಗೆಯಲ್ಲಿ ಮಾತ್ರ ತೆರೆದು, ಚಳಿಗಾಲಕ್ಕೆ ಬೀಗ ಹಾಕಿ ಹೋಗುತ್ತಾರೆ. ನಾವು ಐದು ಜನ. ಮುಖ್ಯಸ್ಥೆ ನನ್ನ ಅತ್ತೆಯ ವಯಸ್ಸಿನ ಪರದೇಶದ ಹೆಂಗಸು, ಮಾತು ನೇರ, ಮುಖದಲ್ಲಿ ನಗು ಕಾಣುವುದು ಅಪರೂಪ. ಹಡಗು ಇಳಿದ ದಿನವೇ ನಿಯಮ ಹೇಳಿದಳು. ಗೂಡಿನಿಂದ ಹದಿನೈದು ಹೆಜ್ಜೆ ದೂರ ಇರಬೇಕು. ಏನು ಕಂಡರೂ ಕೈ ಹಾಕಬಾರದು. ಮರಿ ಸಾಯುತ್ತಿದ್ದರೆ ಸಾಯುವುದನ್ನು ಬರೆದುಕೊಳ್ಳಬೇಕು. ಇಲ್ಲಿಂದ ಒಂದು ಹರಳನ್ನೂ ಒಯ್ಯಬಾರದು, ನಮ್ಮದೇನನ್ನೂ ಇಲ್ಲಿ ಬಿಡಬಾರದು.

ಇಳಿಜಾರಿನ ತುಂಬ ಪೆಂಗ್ವಿನ್‌ಗಳ ಊರು. ಇಳಕಲ್ಲಿನ ಸಂತೆ ಏನೂ ಅಲ್ಲ ಬಿಡಿ, ಅಷ್ಟು ಗದ್ದಲ. ನಾತವೋ, ಆ ದೇವರೇ! ಮೀನು, ಸೀಗಡಿ ಕೊಳೆತ ನಾತ, ಬಟ್ಟೆಗೂ ಕೂದಲಿಗೂ ಹತ್ತಿಕೊಂಡು ಕೊನೆಯವರೆಗೂ ಹೋಗಲಿಲ್ಲ. ಅಲ್ಲಿ ಹುಲ್ಲಿಲ್ಲ, ಕಡ್ಡಿಯಿಲ್ಲ. ಹಕ್ಕಿಗಳು ಗೂಡು ಕಟ್ಟುವುದು ಹರಳಿನಿಂದ. ಹಿಮ ಕರಗಿ ನೀರು ಹರಿದರೆ ತತ್ತಿ ತೋಯ್ದು ಸಾಯುತ್ತದೆ. ಅದಕ್ಕೆ ಹರಳು ಪೇರಿಸಿ ಎತ್ತರ ಮಾಡಿ, ಅದರ ಮೇಲೆ ಎರಡು ತತ್ತಿ ಇಟ್ಟು ಕೂರುತ್ತವೆ. ಗಂಡು ಹೆಣ್ಣು ಪಾಳಿ ಹಾಕಿಕೊಂಡು ಕಾವು ಕೊಡುತ್ತವೆ. ಸಮುದ್ರದಿಂದ ಮರಳಿದ ಜೋಡಿ ಹಕ್ಕಿ ಬರಿಗೊಕ್ಕಿನಲ್ಲಿ ಬರುವುದಿಲ್ಲ, ಒಂದು ಹರಳಾದರೂ ಕಚ್ಚಿಕೊಂಡು ಬರುತ್ತದೆ. ದಾರಿಯಲ್ಲಿ ಸಿಗದಿದ್ದರೆ ಪಕ್ಕದ ಗೂಡಿನಿಂದ ಕದಿಯುತ್ತದೆ. ಕಳ್ಳತನ ಅಂದರೆ ಹಗಲುಗಳ್ಳತನ, ಮಾಲೀಕ ಆ ಕಡೆ ಮುಖ ಮಾಡಿದರೆ ಸಾಕು. ನನ್ನ ಪಾಲಿಗೆ ಬಂದದ್ದು ಇಳಿಜಾರಿನ ಕೆಳಮೂಲೆಯ ಗೂಡುಗಳು. ಯಾವುದರಲ್ಲಿ ಎಷ್ಟು ತತ್ತಿ, ಎಷ್ಟು ಮರಿ, ದಿನಾ ನೋಡಿ ಬರೆಯುವುದು.

ಲಿಂಗ ನನ್ನ ಕೋಟಿನ ಒಳಜೇಬಿನಲ್ಲಿತ್ತು. ಬೆಳಗಿನ ಎಣಿಕೆಗೆ ಮೊದಲು ಬಂಡೆಯ ಮೇಲೆ ಕೂತು, ಎಡಗೈಯ ಗವಸು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಿದ್ದೆ. ಪೂಜೆ ಎನ್ನಲಾರೆ. ವಿಭೂತಿ ಇಲ್ಲ, ಪತ್ರಿ ಇಲ್ಲ. ಕೂಸಿನ ಕೊರಳಲ್ಲಿ ಎರಡು ದಿನ ಇದ್ದದ್ದು ನನ್ನ ಕೈಯಲ್ಲಿದೆ, ಅಷ್ಟೇ. ಬೆರಳು ಸೆಡೆತು ಹೋಗುವ ತನಕ ಕೂರುತ್ತಿದ್ದೆ.

ಒಂದು ಬೆಳಿಗ್ಗೆ ಹಾಗೇ ಸೆಡೆತ ಬೆರಳಿನಿಂದ ಅದು ಜಾರಿತು. ಬಂಡೆಗೆ ಬಡಿದು, ಹರಳುಗಳ ಮೇಲೆ ಪುಟಿದು, ಇಳಿಜಾರಿನಲ್ಲಿ ಉರುಳಿ ನಿಂತಿತು. ನಾನು ಎದ್ದು ಬಗ್ಗುವಷ್ಟರಲ್ಲಿ ಸಮುದ್ರದಿಂದ ಮೇಲೆ ಬರುತ್ತಿದ್ದ ಒಂದು ಹಕ್ಕಿ ಅದರ ಮುಂದೆ ನಿಂತಿತು. ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ನೋಡಿತು, ಆಮೇಲೆ ಇನ್ನೊಂದು ಕಣ್ಣಿನಿಂದ. ಕಚ್ಚಿಕೊಂಡು ತೂರಾಡುತ್ತಾ ಹೊರಟಿತು. ನನಗೆ ನಗು ಬಂತು ಅಂದರೆ ನಂಬುತ್ತೀರಾ? ಒಂದೇ ಕ್ಷಣ. "ಏ, ಅದು ನಂದು, ಬಿಡ!" ಎಂದು ಕನ್ನಡದಲ್ಲಿ ಕೂಗಿದೆ. ಅದು ನಲವತ್ತೇಳನೆಯ ಗೂಡಿಗೆ ಹೋಗಿ, ಕಾವಿಗೆ ಕೂತಿದ್ದ ತನ್ನ ಜೋಡಿಯ ಮುಂದೆ ಲಿಂಗ ಇಟ್ಟು ತಲೆ ಬಗ್ಗಿಸಿತು. ಕೂತ ಹಕ್ಕಿ ಅದನ್ನು ಕೊಕ್ಕಿನಿಂದ ಎಳೆದು ಎದೆಯ ಹತ್ತಿರ ಸೇರಿಸಿಕೊಂಡಿತು.

ಹದಿನೈದು ಹೆಜ್ಜೆ ದೂರದಲ್ಲಿ ನಿಂತು ನೋಡಿದೆ. ದುರ್ಬೀನಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಚಿತ್ರ ತೆಗೆದದ್ದು ಆಗಲೇ. ಯಾರಿಗೂ ಹೇಳಲಿಲ್ಲ. ಮೊದಲು ಒಂದು ಥರದ ಸಮಾಧಾನವೂ ಆಯಿತು. ತತ್ತಿಯ ಪಕ್ಕ, ಬೆಚ್ಚಗಿನ ಹೊಟ್ಟೆಯ ಕೆಳಗೆ ಇದೆ, ಇರಲಿ. ತತ್ತಿ ಒಡೆದು ಮರಿ ದೊಡ್ಡವಾಗಿ ಗೂಡು ಖಾಲಿಯಾದ ಮೇಲೆ ತೆಗೆದುಕೊಂಡರಾಯಿತು. ಹೀಗೆ ನನಗೆ ನಾನೇ ಹೇಳಿಕೊಂಡು ಕೆಲವು ದಿನ ತಳ್ಳಿದೆ.

ವಾರಕ್ಕೊಮ್ಮೆ ಉಪಗ್ರಹ ಫೋನಿನಲ್ಲಿ ಮನೆಗೆ ಮಾತಾಡಬಹುದಿತ್ತು. ಆ ವಾರ ಅತ್ತೆ ಫೋನು ಹಿಡಿದರು.

"ಹ್ಯಾಂಗ ಅದಿ ಯವ್ವಾ? ರೊಟ್ಟಿ ಅದಾವೋ ತೀರಿದ್ವೋ?"

"ಅದಾವ್ರಿ."

"ಕೇಳಿಲ್ಲೆ. ಕೂಸಿನ ಮ್ಯಾಲ ಒಂದ ಕಲ್ಲ ಇಡೂಣು ಅಂತ ಮಾಡೀವಿ. ವರ್ಷ ತುಂಬಾಕ ಬಂತಲ್ಲ. ಮಣ್ಣಾಗ ಲಿಂಗ ಐತಿ, ನಾಯಿ ನರಿ ಕೆದರಬಾರದು. ನಮ್ಮೂರ ಕೆಂಪ ಕಲ್ಲ, ಪಾಲಿಶ್ ಮಾಡಿಸೇವಿ. ನೀ ಬಂದ ಮ್ಯಾಲೇ ಇಡೂದು, ನೀ ಇಲ್ದ ಇಡಂಗಿಲ್ಲ."

ಮಣ್ಣಾಗ ಲಿಂಗ ಐತಿ. ಹೂಂ ಎಂದು ಫೋನಿಟ್ಟೆ. ಅಡಿಕೆ ಇದೆ ಅಲ್ಲಿ, ಅತ್ತೆಯದೇ ಅಡಿಕೆ. ಅದರ ಮೇಲೆ ಇಳಕಲ್ಲಿನ ಕಲ್ಲು ಕೂರಿಸಿ ಗಚ್ಚು ಹಾಕಿದರೆ ಮುಗಿಯಿತು, ನನ್ನ ಕೂಸು ಎಂದೆಂದಿಗೂ ಬರಿಗೊರಳು. ಅಲ್ಲೇ ನಿಂತು ಗಟ್ಟಿ ಮಾಡಿಕೊಂಡೆ. ಲಿಂಗ ತೆಗೆದುಕೊಂಡು ಹೋಗಬೇಕು. ಕಲ್ಲು ಇಡುವ ಮೊದಲು ಮಣ್ಣು ತೆಗೆದು ಅದನ್ನು ಕೂಸಿಗೆ ಮುಟ್ಟಿಸಬೇಕು. ಅತ್ತೆ ಬೈಯಲಿ, ಮನೆಯಿಂದ ಹೊರಗೆ ಹಾಕಲಿ, ಆ ಮಾತು ಆಮೇಲೆ.

ಗೂಡು ಖಾಲಿಯಾಗುವ ತನಕ ಕಾಯುವ ತಾಳ್ಮೆ ಆಮೇಲೆ ಉಳಿಯಲಿಲ್ಲ. ಆ ಹಕ್ಕಿಗಳ ಕಳ್ಳತನ ದಿನಾ ನೋಡುತ್ತಿದ್ದೆನಲ್ಲ, ಇವತ್ತು ಕಂಡದ್ದು ನಾಳೆ ಅಲ್ಲಿರುತ್ತದೆ ಎಂದು ಏನು ಗ್ಯಾರಂಟಿ? ಸಿಟ್ಟು ನನಗೆ ಮೂಗಿನ ತುದಿಯಲ್ಲಿ, ಅವಸರ ಅದಕ್ಕಿಂತ ಮುಂದೆ. ಮರುದಿನ ಮಧ್ಯಾಹ್ನ ಉಳಿದವರು ಮೇಲಿನ ಇಳಿಜಾರಿನಲ್ಲಿದ್ದಾಗ ನಾನು ಹದಿನೈದು ಹೆಜ್ಜೆಯ ಗೆರೆ ದಾಟಿದೆ. ಗೂಡುಗಳ ನಡುವೆ ಮೊಣಕಾಲೂರಿ ತೆವಳಿಕೊಂಡು ಹೋಗಿ ಕೈ ಚಾಚಿದೆ. ಹಕ್ಕಿ ಮೊದಲು ಕುಕ್ಕಿತು. ನಾನು ಕೈ ಹಿಂತೆಗೆಯಲಿಲ್ಲ. ಬೆರಳ ತುದಿಗೆ ಲಿಂಗ ತಾಗಿತ್ತು, ಆಣೆ ಮಾಡಿ ಹೇಳುತ್ತೇನೆ, ತಾಗಿತ್ತು. ಅಷ್ಟರಲ್ಲಿ ಹಕ್ಕಿ ಎದ್ದು ನಿಂತು ರೆಕ್ಕೆಯಿಂದ ನನ್ನ ಮುಂಗೈಗೆ ಫಟಫಟ ಹೊಡೆಯಿತು. ಅದರ ಕಾಲು ತಗುಲಿ ಒಂದು ತತ್ತಿ ಗೂಡಿನ ಅಂಚು ದಾಟಿ ಹೊರಗೆ ಉರುಳಿತು.

ಅಲ್ಲಿ ಸ್ಕುವಾ ಎಂಬ ಹಕ್ಕಿ ಇದೆ. ಕಂದು ಬಣ್ಣ, ಹದ್ದಿನಷ್ಟು ದೊಡ್ಡದು, ಪೆಂಗ್ವಿನ್ ತತ್ತಿಯೇ ಅದರ ಊಟ. ಎಲ್ಲಿ ಕೂತು ಕಾಯುತ್ತಿತ್ತೋ ಏನೋ, ನನ್ನ ತಲೆಯ ಮೇಲಿಂದಲೇ ಬಂದು ತತ್ತಿ ಎತ್ತಿಕೊಂಡು ಹೋಯಿತು. "ಅಯ್ಯಯ್ಯೋ ಶಿವನೇ!" ಎಂದು ನಾನು ಅಲ್ಲೇ ಕುಸಿದೆ. ಪೆಂಗ್ವಿನ್ ಸುತ್ತ ಮುತ್ತ ನೋಡಿತು. ಉಳಿದ ಒಂದು ತತ್ತಿಯನ್ನು ಹೊಟ್ಟೆಯ ಕೆಳಗೆ ತಳ್ಳಿಕೊಂಡು ಕೂತಿತು. ಎರಡನೆಯದಕ್ಕೆ ಇರುವ ಜಾಗವನ್ನು ಕೊಕ್ಕಿನಿಂದ ತಡವಿ ತಡವಿ ನೋಡುತ್ತಲೇ ಇತ್ತು. ನಾನು ತೆವಳಿಕೊಂಡೇ ಹಿಂದೆ ಬಂದೆ. ಕೈಯಲ್ಲಿ ಏನೂ ಇರಲಿಲ್ಲ.

ಎಣಿಕೆಯ ಪುಸ್ತಕದಲ್ಲಿ "ಸ್ಕುವಾ" ಎಂದು ಬರೆದು ಸುಮ್ಮನಾಗಬಹುದಿತ್ತು. ಒಂದು ಸುಳ್ಳನ್ನು ಹೊತ್ತುಕೊಂಡು ಬಂದವಳಿಗೆ ಇನ್ನೊಂದು ಹೊರುವ ಶಕ್ತಿ ಇರಲಿಲ್ಲ. ಮುಖ್ಯಸ್ಥೆಯ ಮುಂದೆ ನಿಂತು ಹೇಳಿದೆ.

"ಅಷ್ಟು ಹತ್ತಿರ ಯಾಕೆ ಹೋದೆ?"

"ನನ್ನದೊಂದು ವಸ್ತು ಬಿದ್ದಿತ್ತು."

"ಏನು ವಸ್ತು?"

"ಕಲ್ಲು."

ಅವಳು ಕನ್ನಡಕ ತೆಗೆದು ನನ್ನನ್ನು ನೋಡಿದಳು. "ಇಲ್ಲಿ ಕಲ್ಲಿಗೆ ಬರಗಾಲ ಎಂದು ಊರಿನಿಂದ ತಂದೆಯಾ?"

"ನಮ್ಮೂರಿನ ಗಣಿಯ ಕಲ್ಲು ಲೋಕಕ್ಕೆಲ್ಲ ಹೋಗುತ್ತದೆ" ಎಂದು ಸಿಡುಕಿದೆ. ಸಿಡುಕಿ ಅಳತೊಡಗಿದೆ. ಅವಳು ಒಂದು ಲೋಟ ಬಿಸಿನೀರು ಕೊಟ್ಟಳು. ಆದರೆ ಶಿಕ್ಷೆ ಬಿಡಲಿಲ್ಲ. ಹತ್ತು ದಿನ ನನ್ನನ್ನು ಗುಡ್ಡದ ಆಚೆ ಬದಿಯ ಎಣಿಕೆಗೆ ಹಾಕಿದಳು, ಕೆಳಮೂಲೆಗೆ ಕಾಲಿಡಬಾರದು ಎಂದಳು. ನ್ಯಾಯವೇ. ನಾನು ಅವಳ ಜಾಗದಲ್ಲಿದ್ದರೆ ಬೈದೇ ಕಳಿಸುತ್ತಿದ್ದೆ.

ಹತ್ತು ದಿನದ ಮೇಲೆ ನಲವತ್ತೇಳಕ್ಕೆ ದುರ್ಬೀನು ಹಿಡಿದೆ. ತತ್ತಿ ಒಡೆದು ಬೂದುಬಣ್ಣದ ಒಂದು ಮರಿ ಹೊಟ್ಟೆಯ ಕೆಳಗಿಂದ ತಲೆ ಹೊರಗೆ ಹಾಕಿತ್ತು. ಲಿಂಗ ಇರಲಿಲ್ಲ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಹಕ್ಕಿ ಏಳುವುದನ್ನು ಕಾದು ನೋಡಿದೆ. ಇಲ್ಲ. ನಾನು ಎಬ್ಬಿಸಿದಾಗಲೇ ಹೊರಗೆ ಬಿತ್ತೋ, ಆಮೇಲೆ ನೆರೆಯ ಹಕ್ಕಿ ಕದ್ದಿತೋ, ಕದ್ದದ್ದನ್ನು ಇನ್ನೊಂದು ಕದ್ದಿತೋ, ಯಾರು ಬಲ್ಲರು? ಸುತ್ತಲಿನ ಒಂದೊಂದೇ ಗೂಡನ್ನು ದುರ್ಬೀನಿನಲ್ಲಿ ತಡಕಿದೆ. ಕಣ್ಣಲ್ಲಿ ನೀರು ಬರುವ ತನಕ ಹುಡುಕಿದೆ. ಮರುದಿನ ಮತ್ತೆ, ಅದರ ಮರುದಿನ ಮತ್ತೆ.

ಮರಿಗಳು ದೊಡ್ಡವಾಗಿ ಹಿಂಡು ಕಟ್ಟಿ ನಿಂತವು, ರೋಮ ಉದುರಿಸಿಕೊಂಡು ಒಂದೊಂದಾಗಿ ನೀರಿಗೆ ಇಳಿದವು. ನಲವತ್ತೇಳರ ಮರಿಯೂ ಇಳಿದಿರಬೇಕು, ಹಿಂಡಿನಲ್ಲಿ ಸೇರಿದ ಮೇಲೆ ಗುರುತು ಸಿಗಲಿಲ್ಲ. ಗೂಡುಗಳು ಖಾಲಿಯಾದ ಮೇಲೆ ಸಂಖ್ಯೆಯ ಬಿಲ್ಲೆಗಳನ್ನು ಕಿತ್ತು ತರಲು ನಮ್ಮನ್ನು ಒಳಗೆ ಬಿಟ್ಟರು. ನಾನು ಬಿಲ್ಲೆ ಕಿತ್ತದ್ದು ಕಡಿಮೆ, ಹರಳು ಎತ್ತಿ ನೋಡಿದ್ದೇ ಹೆಚ್ಚು. ಎಲ್ಲದರ ಮೇಲೂ ಹಿಕ್ಕೆ ಬಳಿದುಕೊಂಡು ಎಲ್ಲವೂ ಒಂದೇ ಬಣ್ಣ. ಗವಸು ತೆಗೆದು ಉಗುರಿನಿಂದ ಕೆರೆದು ಕೆರೆದು ನೋಡಿದೆ. ಉಗುರ ಸಂದಿಯಲ್ಲಿ ರಕ್ತ ಬಂತು. ಮುಖ್ಯಸ್ಥೆ ದೂರದಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ಬಂದು ತಾನೂ ಒಂದಿಷ್ಟು ಹೊತ್ತು ನನ್ನ ಜೊತೆ ಹುಡುಕಿದಳು. ಅವಳು ಹುಡುಕಿದ್ದು ಎಂಥ ಕಲ್ಲು ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಹಡಗು ಹತ್ತುವ ಮೊದಲು ಎಲ್ಲರ ಬೂಟಿನ ಅಡಿ ತಿಕ್ಕಿ ತೊಳೆಯುವುದು ಅಲ್ಲಿಯ ಕ್ರಮ. ನನ್ನ ಎಡಬೂಟಿನ ಸಂದಿಯಲ್ಲಿ ಒಂದು ಹರಳು ಸಿಕ್ಕಿಕೊಂಡಿತ್ತು. ಮುಖ್ಯಸ್ಥೆ ಅದನ್ನು ಮೊಳೆಯಿಂದ ಮೀಟಿ ತೆಗೆದು ದಂಡೆಯ ಕಡೆ ಎಸೆದಳು. ಅವರ ಊರಿನ ಸಣ್ಣ ಹರಳು ಕೂಡ ಅದರ ಜಾಗಕ್ಕೆ ಮರಳಿ ಹೋಗುತ್ತದೆ, ನನ್ನದು ಮಾತ್ರ ಹೋಗಲಿಲ್ಲ ಎಂದು ಹೊಟ್ಟೆ ಉರಿಯಿತು.

ಹುಬ್ಬಳ್ಳಿಯಿಂದ ಬಸ್ಸು ಹಿಡಿದು, ಕೆರೂರ ದಾಟಿ ಬಾಗಲಕೋಟೆಗೆ ಬಂದು, ಅಲ್ಲಿಂದ ಇಳಕಲ್ಲಿಗೆ ಹೋದೆ. ಬಿಸಿಲು ಬೆಂಕಿಯಂತಿತ್ತು. ಅತ್ತೆ ಮಗ್ಗದ ಮುಂದೆ ಕೊಂಡಿ ಹಾಕುತ್ತ ಕೂತಿದ್ದರು, ಎದ್ದು ಬಂದು ಎರಡೂ ಕೈಯಿಂದ ನನ್ನ ಮುಖ ಸವರಿದರು. "ಕರ್ರಗಾಗಿ ಬಂದಿಯಲ್ಲ! ಹಿಮದಾಗೂ ಬಿಸಲ ಹತ್ತತೇತೇನು?" ಎಂದರು. ಪಡಸಾಲೆಯ ಗೋಡೆಗೆ ಆತು ಕೆಂಪು ಕಲ್ಲು ನಿಂತಿತ್ತು. ಒಂದು ಮೊಳ ಉದ್ದ. ಪಾಲಿಶ್ ಹೇಗೆ ಆಗಿತ್ತೆಂದರೆ ನನ್ನ ಮುಖ ಅದರಲ್ಲಿ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಹೊಲಕ್ಕೆ ಹೋದೆವು. ಅತ್ತೆ, ನಾನು, ನಮ್ಮ ಮನೆಯವರು, ಗಚ್ಚಿನ ಕೆಲಸದ ಒಬ್ಬ ಗೌಂಡಿ. ಬೇವಿನ ಗಿಡದ ಕೆಳಗಿನ ಆ ಜಾಗವನ್ನು ನಾನು ನೋಡಿದ್ದು ಅಂದೇ ಮೊದಲು. ಇಷ್ಟೇ ಇಷ್ಟು ಜಾಗ. ಗಂಡಸರು ಗಚ್ಚು ಕಲಸಲು ನೀರು ತರುತ್ತೇವೆ ಎಂದು ಕಾಲುವೆಯ ಕಡೆ ಹೋದರು. ಇನ್ನು ತಡ ಮಾಡುವಂತಿರಲಿಲ್ಲ.

"ಅತ್ತಿ, ಕಲ್ಲ ಇಡಬ್ಯಾಡ್ರಿ."

"ಯಾಕವಾ?"

"ಒಳಗ ಲಿಂಗ ಇಲ್ರಿ. ಕೂಸಿನ ಲಿಂಗ ನಾ ತಕ್ಕೊಂಡಿದ್ದೆ. ಚೀಲದಾಗ ನಿಮ್ಮ ಅಡಿಕಿ ಹಾಕಿದ್ದೆ."

ಅತ್ತೆ ನನ್ನನ್ನೇ ನೋಡಿದರು. ಬೈಯಲಿಲ್ಲ.

"ಒಳಗ ಲಿಂಗ ಐತಿ" ಎಂದರು. "ನಂದೈತಿ."

ನನಗೆ ತಿಳಿಯಲಿಲ್ಲ. ಅವರು ಸೊಂಟದಿಂದ ಚಂಚಿ ಬಿಚ್ಚಿದರು. ಅದರಲ್ಲಿ ಎಲೆ ಇರಲಿಲ್ಲ, ಸುಣ್ಣದ ಡಬ್ಬಿ ಇರಲಿಲ್ಲ. ಒಂದೇ ಒಂದು ಒಣಗಿದ ಅಡಿಕೆ ಇತ್ತು.

"ಕೂಸಿನ್ನ ಎತ್ತಿಕೊಂಡ ಕೂಡ್ಲೇ ಚೀಲ ಹಗರ ಅನಿಸ್ತು. ಬಿಚ್ಚಿ ನೋಡಿದ್ನಿ. ನನ್ನ ಚಂಚ್ಯಾನ ಅಡಿಕಿ ನನಗ ಗುರ್ತ ಸಿಗಂಗಿಲ್ಲೇನು? ಬರೇ ಕೊರಳಲೆ ಹ್ಯಾಂಗ ಕಳಸೂದ ಅದನ್ನ? ಹೊಲಕ್ಕ ಬಂದ ಮ್ಯಾಲ ನನ್ನ ಲಿಂಗ ಬಿಚ್ಚಿ ಕಟ್ಟಿದ್ನಿ."

"ನನ್ನ ಯಾಕ ಕೇಳಲಿಲ್ರಿ ಅತ್ತಿ?"

"ಕೇಳಿದ್ರ ನೀ ಕೊಡಬೇಕಾಗ್ತಿತ್ತು. ನಿನ್ನ ಕೈಯಾಗ ಮತ್ತೇನ ಉಳದಿತ್ತವಾ?"

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ತೋಳು ಹಿಡಿದು ನಿಲ್ಲಿಸಿ, ಮೆಲ್ಲಗೆ, ಆಸೆಯಿಂದ ಕೇಳಿದರು. "ಅದು ನಿನ್ನ ಕಡೆ ಹುಷಾರ ಐತಿಲ್ಲೋ? ಒಮ್ಮೆ ತೋರಸು. ಕಣ್ಣಿಗೆ ಹಚ್ಚಿಕೊಂಡ ಕೊಡತೇನಿ."

ಇಷ್ಟು ದಿನ ನಾನು ಹೆದರಿದ್ದು ಅವರ ಬೈಗುಳಕ್ಕೆ. ಈ ಪ್ರಶ್ನೆಗಲ್ಲ. ಹೇಳಿದೆ. ಬೆರಳು ಸೆಡೆತದ್ದು, ಹಕ್ಕಿ ಕಚ್ಚಿಕೊಂಡು ಹೋದದ್ದು, ಗೂಡು, ನಾನು ಕೈ ಚಾಚಿದ್ದು, ಉಗುರಿನಿಂದ ಕೆರೆದದ್ದು, ಎಲ್ಲ. ಅತ್ತೆ ಕೇಳುತ್ತ ಕೇಳುತ್ತ ನೆಲದ ಮೇಲೆ ಕೂತರು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ದವಾಖಾನೆಯಲ್ಲೂ ಅವರ ಕಣ್ಣಲ್ಲಿ ನೀರು ನಾನು ನೋಡಿರಲಿಲ್ಲ. ನನ್ನ ಹತ್ತಿರ ಉಳಿಯಲಿ ಎಂದೇ ಅವರು ತಮ್ಮದನ್ನು ಬಿಚ್ಚಿ ಮಣ್ಣಿಗೆ ಹಾಕಿದ್ದರು. ನಾನು ಅದನ್ನು ಉಳಿಸಿಕೊಳ್ಳಲಿಲ್ಲ.

ಮೂಗು ಒರೆಸಿಕೊಂಡು ಕೇಳಿದರು. "ಆ ಹಕ್ಕಿ ಮರಿ ಉಳದ್ವೇನು?"

"ಒಂದ ಉಳೀತ್ರಿ. ಒಂದ ನನ್ನಿಂದ ಹೋತು."

ಕಾಲುವೆಯ ಕಡೆಯಿಂದ ಗಂಡಸರು ಕೊಡ ಹೊತ್ತು ಬರುವುದು ಕಾಣಿಸಿತು. ಅತ್ತೆ ನನ್ನ ಎಡಗೈ ಎಳೆದು, ಅಂಗೈಯಲ್ಲಿ ಆ ಅಡಿಕೆ ಇಟ್ಟು ಬೆರಳು ಮುಚ್ಚಿದರು. "ಇದು ಎರಡ ತಾಸರೆ ಕೂಸಿನ ಕೊರಳಾಗ ಇತ್ತು. ಇಟಗೋ" ಎಂದು ಎದ್ದರು. ಗೌಂಡಿ ಗಚ್ಚು ಕಲಸಿದ, ನಾವು ನಾಲ್ವರೂ ಹಿಡಿದು ಕಲ್ಲು ಇಟ್ಟೆವು.

ಈಗ ಬೆಳಿಗ್ಗೆ ಸ್ನಾನ ಮಾಡಿ ಬಂದು ಆ ಅಡಿಕೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂರುತ್ತೇನೆ. ಅತ್ತೆ ಹೇಳಿದ್ದು ಖರೆ. ಅದು ತೀರ ಹಗುರ.